ಪರದೆ ಹೋದರೆ ಸೆಟ್ ಸತ್ತಂತಲ್ಲ

2004ರ ಸುನಾಮಿಯಲ್ಲಿ ಅಂಡಮಾನಿನ ಫೋನ್‌ಗಳು ಸತ್ತಾಗ, ಪೋರ್ಟ್ ಬ್ಲೇರ್‌ನಲ್ಲಿದ್ದ ಹ್ಯಾಮ್‌ಗಳು, ಅಂದರೆ ಲೈಸೆನ್ಸ್ ಇರುವ ಹವ್ಯಾಸಿ ರೇಡಿಯೊದವರು, ಸುದ್ದಿ ಮುಟ್ಟಿಸಿದರು. ಟವರ್ ಬಿದ್ದ ದಿನ ಇಂಥ ಸೆಟ್ಟೇ ಗತಿ. ಆದರೆ ಜೀಪಿನಲ್ಲಿ ಕೂರಿಸಿದ ಸೆಟ್ಟಿನ ಪರದೆಯಲ್ಲಿ ಅಂಕಿ ಅರ್ಧಂಬರ್ಧ ಕಂಡರೆ ಸಾಕು, ‘ಹೊಸದು ತಗೊಳ್ಳಿ’ ಅಂತಾರೆ.

ಯಾಕೆ ತಗೊಳ್ಳಬೇಕು? ಪರದೆ ಕೆಟ್ಟರೂ ಸೆಟ್ ಮಾತಾಡುತ್ತದೆ. ಯಾವ ಫ್ರೀಕ್ವೆನ್ಸಿಯಲ್ಲಿದ್ದೀವಿ ಅನ್ನುವುದಷ್ಟೇ ಕಾಣದು. ಎಷ್ಟೋ ಹಳೆಯ ಸೆಟ್‌ಗಳಲ್ಲಿ ಗಾಜಿಗೂ ಬೋರ್ಡಿಗೂ ಮಧ್ಯೆ ಕರೆಂಟು ದಾಟಿಸುವ ರಬ್ಬರ್ ಪಟ್ಟಿ ಇರುತ್ತದೆ. ಅದರಲ್ಲಿ ಕೊಳೆ ಕೂತರೂ ಅಂಕಿಯ ಗೆರೆಗಳು ಮಾಯ. ಬ್ಯಾಟರಿ ವೈರ್ ತೆಗೆದು, ಮುಂಭಾಗ ಬಿಚ್ಚಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಮೆಲ್ಲಗೆ ಒರೆಸಿ, ಒಣಗಿಸಿ ಕೂರಿಸಿದರೆ ಅಂಕಿ ಮರಳಬಹುದು. ಪರದೆ ಪೂರ್ತಿ ಕತ್ತಲಾದರೆ ಮೊದಲು ಹಿಂದಿನ ಬಲ್ಬು ನೋಡಿ. ಗಾಜು ಒಡೆದು ಮಸಿ ಹರಡಿದ್ದರೆ ಮಾತ್ರ ಹೊಸ ಪರದೆ ಬೇಕು.

ಅದೇ ಸಿಗುವುದಿಲ್ಲ! ಮಾದರಿ ಹಳೆಯದಾಯಿತು ಅಂತ ಬಿಡಿಭಾಗ ನಿಲ್ಲಿಸುತ್ತಾರೆ. ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಾಗ ಕೃಷಿ ಯಂತ್ರ, ಮೊಬೈಲ್, ಗಾಡಿಗಳ ಮಾತಾಡಿತು. ಆಪತ್ತಿಗೆ ಆಗುವ ರೇಡಿಯೊಗೂ ಆ ಹಕ್ಕು ಬೇಕು. ಅಂಗಡಿಯಲ್ಲಿ ಗಟ್ಟಿಯಾಗಿ ಹೇಳಿ: ಪರದೆ ಕೊಡಿ, ಸೆಟ್ ನಮ್ಮ ಹತ್ತಿರ ಇದೆ.