ಹಿತ್ತಲ ಮಾತು: ಜೇನುಪೆಟ್ಟಿಗೆಯೂ ಇರುವೆಯೂ

ಶಿರಸಿ, ಪುತ್ತೂರು, ಮಡಿಕೇರಿಗಳ ಕಡೆಯಿಂದ ಬಂದ ನಮ್ಮವರಿಗೆ ಹಿತ್ತಲಿನ ಜೇನುಪೆಟ್ಟಿಗೆ ಹೊಸದಲ್ಲ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ಊರಿನ ಎಷ್ಟೋ ಪೆಟ್ಟಿಗೆಗಳು ಬರಿದಾದುದನ್ನು ಹಿರಿಯರು ಮರೆತಿರಲಾರರು. ಈಗ ವಸಾಯಿ, ಬೋರಿವಲಿ ಕಡೆ ಅಂಗೈಯಗಲ ಹಿತ್ತಲುಳ್ಳ ಕೆಲವರಿಗೆ ತುಡುವೆ ಸಾಕುವ ಆಸೆ ಹುಟ್ಟಿದೆ. ಸಂತೋಷವೇ. ಆದರೆ ಅವರು ನಮ್ಮೊಡನೆ ಮೊದಲು ಆಡುವ ಮಾತು ಜೇನಿನದಲ್ಲ, ಇರುವೆಯದು.

ಇರುವೆ ಬರುವುದು ತುಪ್ಪಕ್ಕೆ ಮಾತ್ರವೆಂದು ತಿಳಿಯಬಾರದು. ಎರಿಯೊಳಗಿನ ಮರಿಹುಳುಗಳೂ ಅದಕ್ಕೆ ಆಹಾರವೇ. ಬಲವಾದ ಕುಟುಂಬದ ನೊಣಗಳು ಬಾಗಿಲಲ್ಲಿ ನಿಂತು, ರೆಕ್ಕೆ ಬೀಸಿ ಒಂದೆರಡು ಇರುವೆಗಳನ್ನು ಹಾರಿಸಿಬಿಡುತ್ತವೆ. ಸಾಲುಗಟ್ಟಿ ಬಂದರೆ, ಅದರಲ್ಲೂ ಕುಟುಂಬ ಸೊರಗಿದ್ದರೆ, ತುಡುವೆ ಕಾದಾಡುತ್ತ ಕೂರುವುದಿಲ್ಲ. ಮನೆ ಬಿಟ್ಟೇ ಹೊರಟುಹೋಗುತ್ತದೆ.

ಊರಿನ ಉಪಾಯ ಗೊತ್ತೇ ಇದೆ: ಅಡುಗೆಮನೆಯಲ್ಲಿ ಬೆಲ್ಲದ ಡಬ್ಬಿಯನ್ನು ನೀರಿನ ತಟ್ಟೆಯಲ್ಲಿಡುವಂತೆ, ಪೆಟ್ಟಿಗೆಯ ಸ್ಟ್ಯಾಂಡಿನ ನಾಲ್ಕು ಕಾಲುಗಳನ್ನೂ ನೀರಿನ ಬಟ್ಟಲುಗಳಲ್ಲಿ ನಿಲ್ಲಿಸುವುದು. ಮುಂಬಯಿಯಲ್ಲಿ ಇದಕ್ಕೊಂದು ತೊಡಕುಂಟು. ನಿಂತ ನೀರಿನಲ್ಲಿ ಡೆಂಗಿ ಜ್ವರ ಹರಡುವ ಸೊಳ್ಳೆ ಮೊಟ್ಟೆಯಿಡುತ್ತದೆ. ಎಂಟು-ಹತ್ತು ದಿನಗಳಲ್ಲಿ ಹೊಸ ಸೊಳ್ಳೆ ಹಾರುತ್ತದೆ. ಜೇನಿಗಾಗಿ ಇಟ್ಟ ಬಟ್ಟಲು ನೆರೆಮನೆಯ ಮಗುವಿಗೆ ಜ್ವರ ತಂದರೆ ಯಾವ ತುಪ್ಪ ರುಚಿಸೀತು? ಮಹಾನಗರಪಾಲಿಕೆಯವರು ಹೂಕುಂಡದ ತಟ್ಟೆಯನ್ನೂ ಬಿಡದೆ ತಪಾಸಣೆ ಮಾಡುತ್ತಾರೆ, ನೋಟೀಸನ್ನೂ ಕೊಡುತ್ತಾರೆ. ಅದು ತಪ್ಪೆಂದು ನಮಗನ್ನಿಸುವುದಿಲ್ಲ.

ಆದ್ದರಿಂದ ಪ್ರತಿ ರವಿವಾರ ಬಟ್ಟಲನ್ನು ಬರಿದುಮಾಡಿ ಒಳಮೈಯನ್ನು ತಿಕ್ಕಿ ತೊಳೆಯಬೇಕು. ಮೊಟ್ಟೆಗಳು ಅಂಚಿಗೆ ಅಂಟಿಕೊಂಡಿರುತ್ತವೆ. ಅಷ್ಟು ಬಿಡುವಿಲ್ಲದವರು ನೀರಿನ ಬದಲು ಗಾಡಿಯ ಹಳೆಯ ಎಂಜಿನ್ ಎಣ್ಣೆ ಹಾಕಬಹುದು. ಆದರೆ ನಮ್ಮ ಜೂನ್-ಜುಲೈ ಮಳೆಗೆ ಎಣ್ಣೆ ತೇಲಿ ಹೊರಚೆಲ್ಲಿ ನೆಲ ಕೆಡುತ್ತದೆ. ನೊಣಗಳೂ ಅದರಲ್ಲಿ ಬಿದ್ದು ಸಾಯುತ್ತವೆ. ಬಟ್ಟಲಿನ ಮೇಲೆ ಕೊಡೆಯಂತೆ ಒಂದು ತಗಡಿನ ಮುಚ್ಚಳವನ್ನು ಕಾಲಿಗೇ ಬಿಗಿದರೆ ಎರಡೂ ತಪ್ಪುತ್ತವೆ. ಮುಚ್ಚಳ ಬಟ್ಟಲಿನ ಅಂಚಿಗೆ ತಾಗಬಾರದು, ಎಚ್ಚರ! ಇರುವೆಗೆ ಒಂದು ಹುಲ್ಲೆಸಳು ಸಿಕ್ಕರೂ ಸೇತುವೆಯೇ. ಪೆಟ್ಟಿಗೆಗೆ ಬಾಗಿದ ದಾಸವಾಳದ ರೆಂಬೆ, ಪಕ್ಕದಲ್ಲಿ ಕಟ್ಟಿದ ಬಟ್ಟೆ ಒಣಗಿಸುವ ಹಗ್ಗ, ಇವನ್ನೂ ನೋಡಿಕೊಳ್ಳಬೇಕು. ಸಕ್ಕರೆಪಾಕ ಕೊಡುವುದಿದ್ದರೆ ಸಂಜೆ, ಪೆಟ್ಟಿಗೆಯೊಳಗೇ, ಒಂದು ಹನಿಯೂ ಚೆಲ್ಲದಂತೆ.

ವಿಧಿವತ್ತಾಗಿ ಕಲಿಯಬೇಕೆನ್ನುವವರಿಗೆ ಪುಣೆ ದೂರವಲ್ಲ. ಕೇಂದ್ರ ಜೇನು ಸಂಶೋಧನೆ ಮತ್ತು ತರಬೇತಿ ಸಂಸ್ಥೆ 1962ರಿಂದ ಅಲ್ಲಿದೆ.

ಇರುವೆಗೆ ಎಳೆಯುವ ಸೀಮೆಸುಣ್ಣವನ್ನು ಪೆಟ್ಟಿಗೆಯ ಸುತ್ತ ಎಳೆಯಬಹುದೇ ಎಂದು ಹಲವರು ಕೇಳುತ್ತಾರೆ. ಬೇಡ. ಇರುವೆಯನ್ನು ಕೊಲ್ಲುವ ವಿಷ ಜೇನುನೊಣವನ್ನೂ ಕೊಲ್ಲುತ್ತದೆ.