ಓಟಕ್ಕೆ ಮೊದಲು ಬ್ರೇಕು

ನಮ್ಮ ಕಾಲೇಜಿನ ಮಿತ್ರರಲ್ಲಿ ಕೆಲವರಿಗೆ ಈಗ ಒಂದು ಹೊಸ ಗೀಳು ಹತ್ತಿದೆ. ಮನೆಯಲ್ಲಿರುವ ಹಳೆಯ ಮಾರುತಿ 800 ಕಾರನ್ನು ತಿದ್ದಿ ತೀಡಿ, ಚೆನ್ನೈ ಬಳಿಯ ಇರುಂಗಾಟ್ಟುಕೋಟೈಗೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಒಯ್ದು, ಶುಲ್ಕ ತೆತ್ತು, ಪಂದ್ಯದ ಪಥದಲ್ಲಿ ಒಂದು ದಿನ ಮನದಣಿಯೆ ಓಡಿಸಿ ಬರಬೇಕೆಂಬ ಗೀಳು. ಇದಕ್ಕೆ ಟ್ರ್ಯಾಕ್ ಡೇ ಎಂದು ಹೆಸರು. ಈ ಉತ್ಸಾಹವನ್ನು ನಾನು ಹಳಿಯಲಾರೆ. ಹೆದ್ದಾರಿಯಲ್ಲಿ ಹುಚ್ಚಾಟವಾಡಿ ಮಂದಿಯ ಪ್ರಾಣ ತೆಗೆಯುವುದಕ್ಕಿಂತ ಅದು ಎಷ್ಟೋ ಮೇಲು. ನನ್ನ ತಕರಾರು ಇರುವುದು ಹಣ ಸುರಿಯುವ ಕ್ರಮದಲ್ಲಿ. ಮೊದಲು ಅಲಾಯ್ ಚಕ್ರ, ಆಮೇಲೆ ಗುಡುಗುವ ಸೈಲೆನ್ಸರು, ಆಮೇಲೆ ಎಂಜಿನ್ನಿನ ಕೆಲಸ; ಉಳಿದರೆ ಬ್ರೇಕು! ಈ ಕ್ರಮವನ್ನು ತಲೆಕೆಳಗು ಮಾಡಬೇಕೆಂಬುದೇ ನನ್ನ ವಾದ.

ಬ್ರೇಕು ಕಾರನ್ನು ನಿಲ್ಲಿಸುತ್ತದೆ ಎನ್ನುವುದು ಅರ್ಧ ಮಾತು. ಅದು ಓಟವನ್ನು ಕಾವನ್ನಾಗಿ ಮಾರ್ಪಡಿಸುತ್ತದೆ. ಚಾಲಕನೂ ಸೇರಿ 700 ಕಿಲೋ ತೂಗುವ ಕಾರು ಗಂಟೆಗೆ 100 ಕಿಲೋಮೀಟರು ವೇಗದಿಂದ ಪೂರ್ತಿ ನಿಂತರೆ ಹುಟ್ಟುವ ಕಾವು ಸುಮಾರು 270 ಕಿಲೋಜೂಲ್. ಹತ್ತಿರ ಹತ್ತಿರ ಒಂದು ಲೀಟರು ತಣ್ಣೀರನ್ನು ಕುದಿಗೆ ತರುವಷ್ಟು. (ಕಲಾವಿಭಾಗದವನ ಲೆಕ್ಕವೆಂದು ಯಾರೂ ನಗಬಾರದು, ಇದು ಹೈಸ್ಕೂಲಿನ ಗಣಿತ.) ವೇಗ ಇಮ್ಮಡಿಯಾದರೆ ಕಾವು ನಾಲ್ಮಡಿ. ಎಂದ ಮೇಲೆ ಎಂಜಿನ್ನಿನ ಶಕ್ತಿ ಹೆಚ್ಚಿಸಿದವನು, ತನಗರಿವಿಲ್ಲದೆ, ಬ್ರೇಕಿನ ಹೊರೆಯನ್ನೇ ಹೆಚ್ಚಿಸಿರುತ್ತಾನೆ. ಊರಿನಲ್ಲಿ ಒಮ್ಮೆ ಒತ್ತಿದ ಬ್ರೇಕು ಆರಲು ಬೇಕಾದಷ್ಟು ಹೊತ್ತಿರುತ್ತದೆ. ಪಥದಲ್ಲಿ ತಿರುವಿನ ಹಿಂದೆ ತಿರುವು. ಆರುವುದರೊಳಗೆ ಮತ್ತೆ ಒತ್ತಬೇಕು.

ಈ ಕಾವಿನ ಪಾಠ ನಮ್ಮ ಜಿಲ್ಲೆಗೆ ಹೊಸದೇನಲ್ಲ. ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವ ಅರಬೈಲು ಘಟ್ಟವೇ ಅದರ ಪಾಠಶಾಲೆ. 2010ರಲ್ಲಿ ರಾಜ್ಯ ಸರಕಾರ ಅದಿರಿನ ರಫ್ತನ್ನು ತಡೆಯುವ ತನಕ ಬಳ್ಳಾರಿ ಕಡೆಯ ಅದಿರು ಹೊತ್ತ ಲಾರಿಗಳು ಈ ಘಟ್ಟ ಇಳಿದೇ ಬೇಲೇಕೇರಿ ಬಂದರಿಗೆ ಬರುತ್ತಿದ್ದವು. ಕಾದ ಲೈನರಿನ ಸುಟ್ಟ ವಾಸನೆಯನ್ನು ಆ ದಾರಿಯಲ್ಲಿ ಓಡಾಡಿದವರು ಮರೆಯಲಾರರು. ಏರುವ ಗಿಯರಿನಲ್ಲೇ ಇಳಿಯಬೇಕೆಂಬ ಲಾರಿ ಚಾಲಕರ ಪದ್ಧತಿ ಹುಟ್ಟಿದ್ದೂ ಈ ಕಾವಿನ ಭಯದಿಂದಲೇ.

ಅಂಕೋಲೆಯಲ್ಲಿ ಗ್ಯಾರೇಜು ಇಟ್ಟಿರುವ ನನ್ನ ಸೋದರಮಾವ ಹೇಳುವುದುಂಟು: "ತಮಾ, ಪೆಡಲು ಗಟ್ಟಿ ಇದ್ದೂ ಗಾಡಿ ನಿಲ್ಲದಿದ್ರೆ ಪ್ಯಾಡು ಸೋತಿದೆ ಅಂತ ತಿಳಿ. ಪೆಡಲೇ ತಳ ಮುಟ್ಟಿದ್ರೆ ಆಯಿಲು ಕುದ್ದಿದೆ." ಪ್ಯಾಡು ಅತಿಯಾಗಿ ಕಾದಾಗ ಅದರ ಹಿಡಿತ ತಗ್ಗುತ್ತದೆ. ಆಯಿಲು ಕುದ್ದರೆ ಕೊಳವೆಯಲ್ಲಿ ಆವಿ ತುಂಬುತ್ತದೆ. ದ್ರವದಂತಲ್ಲದೆ ಆವಿ ಒತ್ತಿದಷ್ಟೂ ಕುಗ್ಗುವುದರಿಂದ ಕಾಲಿನ ಒತ್ತಡ ಚಕ್ರವನ್ನು ತಲುಪುವುದೇ ಇಲ್ಲ. ಇದರಲ್ಲಿ ಕರಾವಳಿಯವರಿಗೆ ಇನ್ನೊಂದು ಸಂಕಟವಿದೆ. ಸಾಮಾನ್ಯ ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲಿನ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವ ಹೀರಿದ ಮೇಲೆ ಆ ಕನಿಷ್ಠ ಮಿತಿ 140. ಡಾಟ್ 4ಕ್ಕೆ ಇವೇ ಅಂಕಿಗಳು 230 ಮತ್ತು 155. ಕಾರವಾರದ ನಾಲ್ಕು ಮಳೆಗಾಲ ಕಂಡ ಆಯಿಲನ್ನು ಬದಲಿಸದೆ ಪಥಕ್ಕಿಳಿಯುವವನ ಧೈರ್ಯವನ್ನು ಏನೆಂದು ಕರೆಯೋಣ?

"ಹಾಗಾದರೆ ದೊಡ್ಡ ಡಿಸ್ಕು ಹಾಕಿಸೋಣ" ಎನ್ನುವವರಿದ್ದಾರೆ. 1953ರಲ್ಲಿ ಜಾಗ್ವಾರ್ ಕಾರು ಡಿಸ್ಕು ಬ್ರೇಕಿನ ಬಲದಿಂದ ಲೆ ಮಾನ್ಸ್ ಪಂದ್ಯ ಗೆದ್ದಂದಿನಿಂದ ಡಿಸ್ಕಿಗೆ ಆ ಪ್ರತಿಷ್ಠೆ ಬಂದಿದೆ, ಸರಿ. ಆದರೆ 800ರ ಚಕ್ರ 12 ಇಂಚಿನದು, ಒಳಗೆ ಜಾಗವೆಲ್ಲಿ? ಚಕ್ರ ಬದಲಿಸಬೇಕು, ಕ್ಯಾಲಿಪರು ಬದಲಿಸಬೇಕು, ಮುಂದಿನ ಮತ್ತು ಹಿಂದಿನ ಬ್ರೇಕುಗಳ ಸಮತೋಲ ಕೆಡುತ್ತದೆ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮೂ ಅಡ್ಡ ಬರುತ್ತದೆ. ಇದಕ್ಕಿಂತ ಮುಖ್ಯವಾದ ಮಾತೆಂದರೆ, ಈಗಿರುವ ಬ್ರೇಕೇ ಚಕ್ರವನ್ನು ಕಚ್ಚಿ ನಿಲ್ಲಿಸಬಲ್ಲುದಾದರೆ, ಡಿಸ್ಕು ದೊಡ್ಡದಾದ ಮಾತ್ರಕ್ಕೆ ಕಾರು ಒಂದು ಮಾರು ಮೊದಲೂ ನಿಲ್ಲದು. ಅಲ್ಲಿಂದ ಮುಂದೆ ನಿಲ್ಲಿಸುವುದು ನೆಲದ ಮೇಲೆ ಟೈರಿಗಿರುವ ಹಿಡಿತ. ದೊಡ್ಡ ಡಿಸ್ಕು ಕೊಡುವುದು ಕಾವು ತಾಳುವ ಶಕ್ತಿಯನ್ನು. ಅದನ್ನು ಅಗ್ಗವಾಗಿ ಪಡೆಯುವ ದಾರಿಗಳಿವೆ. ಹೊಸ ಡಾಟ್ 4 ಆಯಿಲು, ಕಾವು ತಾಳುವ ಪ್ಯಾಡು, ಉಬ್ಬಿದ ರಬ್ಬರು ಕೊಳವೆಗೆ ಬದಲಿ, ಉಪ್ಪುಗಾಳಿಗೆ ತುಕ್ಕು ಹಿಡಿದ ಪಿಸ್ಟನ್ನಿನ ದುರಸ್ತಿ, ಸೋರದ ಹಿಂದಿನ ವೀಲ್ ಸಿಲಿಂಡರು, ಒಳ್ಳೆಯ ಟೈರು. ನೋಡುವವರ ಕಣ್ಣಿಗೆ ಇವುಗಳಲ್ಲಿ ಟೈರೊಂದನ್ನು ಬಿಟ್ಟು ಯಾವುದೂ ಕಾಣದು. ನಮ್ಮವರಿಗೆ ರುಚಿಸದಿರುವುದೂ ಅದಕ್ಕೇ ಇರಬೇಕು.

ಇನ್ನೊಂದು ಮಾತು. ಆ ಕಾರು ನಮ್ಮದಲ್ಲ, ಮನೆಯದು. ಇಂದು ಪಥದಲ್ಲಿ ಓಡಿದ ಕಾರಿನಲ್ಲೇ ನಾಳೆ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಹುಬ್ಬಳ್ಳಿಯ ಆಸ್ಪತ್ರೆಗೆ ಹೊರಡುತ್ತಾರೆ. ಅಪ್ಪಟ ಪಂದ್ಯದ ಪ್ಯಾಡುಗಳು ಕಾದ ಮೇಲಷ್ಟೇ ಚೆನ್ನಾಗಿ ಹಿಡಿಯುತ್ತವೆ. ಆಷಾಢದ ಮಳೆಯ ತಣ್ಣನೆಯ ಮುಂಜಾನೆ ಮೊದಲ ಸಲ ಒತ್ತಿದಾಗ ಅವು ಕೈಕೊಡಬಹುದು. ಆದ್ದರಿಂದ ರಸ್ತೆ, ಪಥ ಎರಡಕ್ಕೂ ಒಗ್ಗುವ ಪ್ಯಾಡನ್ನೇ ಕೇಳಿ ತರಬೇಕು, ಇಲ್ಲವೆ ಮರಳುವ ಮುನ್ನ ಬದಲಿಸಬೇಕು.

ಪಥದಲ್ಲಿ ಕೊನೆಯ ಸುತ್ತನ್ನು ಬ್ರೇಕು ಮುಟ್ಟದೆ ನಿಧಾನವಾಗಿ ಓಡಿಸಿ ಆರಲು ಬಿಡಿ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕು ಎಳೆಯದೆ ಗಿಯರಿನಲ್ಲಿಟ್ಟು ಚಕ್ರಕ್ಕೊಂದು ಕಲ್ಲು ಕೊಡಿ. ಊರಿಗೆ ಹೊರಡುವ ಮುನ್ನ ಪ್ಯಾಡಿನ ದಪ್ಪ ನೋಡಿ, ಪೆಡಲು ಮೆತ್ತಗಾಗಿದ್ದರೆ ಹೊಸ ಆಯಿಲು ಹಾಕಿಸಿ ಗಾಳಿ ತೆಗೆಸಿ. ಹುಬ್ಬಳ್ಳಿ ದಾಟಿ ಬರುವವರಿಗೆ ಅರಬೈಲು ಇನ್ನೂ ಮುಂದಿದೆ.