ಹಸುಗೂಸಿನ ಇಸುಬು ಮತ್ತು ‘ನೈಸರ್ಗಿಕ’ದ ಮೋಹ

ಕೂಸಿನ ಕೆನ್ನೆ, ಕೈಕಾಲುಗಳ ಚರ್ಮ ಕೆಂಪಾಗಿ ಒಡೆದೊಡನೆ ಬ್ರಿಟನ್ನಿನ ನಮ್ಮ ಕನ್ನಡ ಮನೆಗಳಲ್ಲಿ ಕೇಳಿಬರುವ ಮಾತು: “ಸ್ಟೀರಾಯ್ಡ್ ಬೇಡ, ನೈಸರ್ಗಿಕವಾದುದನ್ನೇ ಹಚ್ಚಿ.” ಇದನ್ನು ನಾನು ಒಪ್ಪಲಾರೆ. ಇಸುಬಿಗೆಂದು ಪೋಷಕರು ಬಳಸುತ್ತಿದ್ದ 24 ‘ಗಿಡಮೂಲಿಕೆ’ ಮುಲಾಮುಗಳನ್ನು ಬರ್ಮಿಂಗ್‌ಹ್ಯಾಮಿನ ವೈದ್ಯರು ಪರೀಕ್ಷೆಗೊಳಪಡಿಸಿ, 2003ರಲ್ಲಿ ಫಲಿತಾಂಶ ಪ್ರಕಟಿಸಿದರು. 20ರಲ್ಲಿ ಸ್ಟೀರಾಯ್ಡ್ ಇತ್ತು. ಹಲವುಗಳಲ್ಲಿ ಇದ್ದುದು ಅತಿ ಪ್ರಬಲವಾದ ಕ್ಲೊಬೆಟಸಾಲ್. ವೈದ್ಯರು ಕೂಸುಗಳಿಗೆ ಸಾಮಾನ್ಯವಾಗಿ ಬರೆದುಕೊಡುವುದಾದರೋ ಶೇಕಡಾ 1ರ ಹೈಡ್ರೊಕಾರ್ಟಿಸೋನ್, ಆ ವರ್ಗದಲ್ಲೇ ಅತಿ ಸೌಮ್ಯವಾದುದು. ಸೌಮ್ಯಕ್ಕೆ ಅಂಜಿ ಪ್ರಬಲವನ್ನು ಅಳತೆಯಿಲ್ಲದೆ ಬಳಿಯುವುದು ಯಾವ ಜಾಣತನ? ಮೂರೇ ದಿನಗಳಲ್ಲಿ ಇಸುಬನ್ನು ಮಾಯಮಾಡುವ ಮುಲಾಮಿನ ಬಗ್ಗೆ ಮೆಚ್ಚುಗೆಯಲ್ಲ, ಸಂಶಯ ಮೂಡಬೇಕು.

ಅಜ್ಜಿಯರ ಕೊಬ್ಬರಿ ಎಣ್ಣೆಯೊಡನೆ ನನಗೆ ಜಗಳವಿಲ್ಲ. ಅದು ಒಣಚರ್ಮಕ್ಕೆ ಹಿತವೇ. ಆದರೆ ಬಿರಿದ ಚರ್ಮವನ್ನು ಕಡಲೆಹಿಟ್ಟಿನಿಂದ ಉಜ್ಜುವುದು ಗಾಯಕ್ಕೆ ಗೀರು ಹಾಕಿದಂತೆ. ಶೇಂಗಾ, ಬಾದಾಮಿಗಳ ಅಂಶ ಇಂಥ ಚರ್ಮದ ಮೂಲಕ ಒಳಹೊಕ್ಕರೆ ಮುಂದೆ ಆ ಆಹಾರವೇ ಒಗ್ಗದಿರುವ ಅಪಾಯವಿದೆ. ಆಲಿವ್ ಎಣ್ಣೆಯೂ ಚರ್ಮದ ತಡೆಗೋಡೆಯನ್ನು ಸಡಿಲಿಸುತ್ತದೆ.

ಬೇಕಾದುದು ಸರಳ: ಉಗುರುಬೆಚ್ಚಗಿನ ನೀರಿನ ಚುಟುಕು ಸ್ನಾನ, ಸೋಪಿಲ್ಲ, ದಿನಕ್ಕೆ ಹಲವು ಬಾರಿ ಸುವಾಸನೆಯಿಲ್ಲದ ಎಮೋಲಿಯೆಂಟ್, ಕೆರಳಿದಾಗ ವೈದ್ಯರು ಹೇಳಿದಷ್ಟೇ ಸ್ಟೀರಾಯ್ಡ್. ಕೀವು, ಹಳದಿ ಹಕ್ಕಳೆ, ನೋಯುವ ಗುಳ್ಳೆ ಅಥವಾ ಜ್ವರ ಕಂಡರೆ ಅಂದೇ ವೈದ್ಯರಿಗೆ ತೋರಿಸಿ.

ಸಂಘದ ಕಾರ್ಯಕಾರಿ ಸಮಿತಿಗೆ ನನ್ನದೊಂದು ಆಗ್ರಹ: ಘಟಕಗಳ ಪಟ್ಟಿಯಾಗಲಿ ತಯಾರಕರ ವಿಳಾಸವಾಗಲಿ ಇಲ್ಲದ ಮುಲಾಮುಗಳಿಗೆ ಯುಗಾದಿಯ ಮಳಿಗೆಗಳಲ್ಲಿ ಜಾಗ ಕೊಡಬೇಡಿ.